ಗಿಟಾರ್‌ ಕಲಿಕೆ: ಹೆಬ್ಬೆರಳಿಗೆ ಮೊದಲ ಪಾಠ

ಮೈಸೂರು: ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಹಿನಕಲ್‌ ಒಂದು ಕಾಲಕ್ಕೆ ನನ್ನೇಶ್ವರ ದೇವಾಲಯವಿರುವ ಹಳ್ಳಿಯೆಂದೇ ಪರಿಚಿತವಾಗಿತ್ತು. ಈಗ ಅದರ ಒಂದು ಮಗ್ಗುಲಿಗೆ ವಿಜಯನಗರ ಬಡಾವಣೆ, ಇನ್ನೊಂದು ಮಗ್ಗುಲಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ. ಓದಿಗೋ ನೌಕರಿಗೋ ಬಂದ ಯುವಜನರು ನೆಲೆಸುವ ಇಂಥ ಬಡಾವಣೆಗಳ ಬಾಡಿಗೆ ಕೋಣೆಗಳಲ್ಲಿ ಒಂದು ಗಿಟಾರ್‌ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಅದು ಮೊಳೆಗೆ ತೂಗುಬಿದ್ದು ಧೂಳು ಹಿಡಿಯುತ್ತಿರುವುದೂ ಅಷ್ಟೇ ಸಾಮಾನ್ಯ.

ಗಿಟಾರ್‌ ಕೊಂಡವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಅದನ್ನು ಕೈಬಿಡುತ್ತಾರೆ. ‘ನನ್ನ ಕೈಗೆ ಇದು ಒಗ್ಗುವುದಿಲ್ಲ’ ಎಂಬುದು ಅವರು ತಮಗೆ ತಾವೇ ಕೊಟ್ಟುಕೊಳ್ಳುವ ತೀರ್ಪು. ಈ ತೀರ್ಪು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ದೋಷ ಕೈಯಲ್ಲಿಲ್ಲ, ವಾದ್ಯದ ತಂತಿಗಳ ಎತ್ತರದಲ್ಲಿರುತ್ತದೆ, ಇಲ್ಲವೇ ಪಾಠದ ಕ್ರಮದಲ್ಲಿರುತ್ತದೆ. ಪಿಕ್‌ ಎಂಬ ಪ್ಲಾಸ್ಟಿಕ್‌ ಚೂರನ್ನು ಬದಿಗಿಟ್ಟು ಬರಿಯ ಬೆರಳುಗಳಿಂದಲೇ ಮೀಟುವ ‘ಫಿಂಗರ್‌ಸ್ಟೈಲ್‌’ ಪದ್ಧತಿಗೆ ಕೈಹಾಕಿದವರ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ.

ಸಾಮಾನ್ಯ ತರಗತಿಗಳಲ್ಲಿ ಮೊದಲು ಕಲಿಸುವುದು ಸ್ಟ್ರಮ್ಮಿಂಗ್‌. ಎಡಗೈಯಲ್ಲಿ ಕಾರ್ಡ್‌ ಹಿಡಿದು ಬಲಗೈಯಿಂದ ಆರೂ ತಂತಿಗಳನ್ನು ಒಟ್ಟಿಗೆ ಸವರಿದರೆ ಸಿನಿಮಾ ಹಾಡಿಗೆ ಹಿಮ್ಮೇಳ ಸಿದ್ಧ. ಹಾಡಲು ಮಾತ್ರ ಬೇರೊಬ್ಬರು ಬೇಕು. ಫಿಂಗರ್‌ಸ್ಟೈಲಿನಲ್ಲಿ ಹಾಗಲ್ಲ. ಹೆಬ್ಬೆರಳು ಕೆಳಸ್ಥಾಯಿಯ ತಂತಿಗಳಲ್ಲಿ ಲಯ ಹಿಡಿದರೆ ಉಳಿದ ಬೆರಳುಗಳು ಮೇಲುಸ್ಥಾಯಿಯ ತಂತಿಗಳಲ್ಲಿ ರಾಗ ನುಡಿಸುತ್ತವೆ. ಒಬ್ಬರೇ ಕುಳಿತು ಹಾಡನ್ನೂ ಹಿಮ್ಮೇಳವನ್ನೂ ಹೊರಡಿಸಬಹುದು. ಸದ್ದೂ ಕಡಿಮೆ. ರಾತ್ರಿ ಪಾಳಿ ಮುಗಿಸಿ ಬಂದು ತೆಳು ಗೋಡೆಯ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ವೀಣೆಯ ಊರಿನಲ್ಲಿ ಹೊಸದೇನಲ್ಲ

ಬರಿಯ ಬೆರಳಿನಿಂದ ಲಯವನ್ನೂ ರಾಗವನ್ನೂ ಒಟ್ಟಿಗೆ ನಡೆಸುವ ಕಲೆ ಮೈಸೂರಿಗೆ ಪರಕೀಯವಲ್ಲ. ವೀಣೆಯಲ್ಲಿ ರಾಗಕ್ಕೆ ನಾಲ್ಕು ತಂತಿಗಳಿದ್ದರೆ ತಾಳಕ್ಕೆಂದೇ ಪಕ್ಕದಲ್ಲಿ ಮೂರು ತಂತಿಗಳಿವೆ. ತೋರುಬೆರಳು ಮತ್ತು ನಡುಬೆರಳು ರಾಗದ ತಂತಿಗಳನ್ನು ಮೀಟುತ್ತಿರುವಾಗ ಕಿರುಬೆರಳು ತಾಳದ ತಂತಿಗಳನ್ನು ಎತ್ತಿ ನುಡಿಸುತ್ತದೆ. ಗಿಟಾರಿನಲ್ಲಿ ಕಿರುಬೆರಳಿನ ಆ ಹೊಣೆಯನ್ನು ಹೆಬ್ಬೆರಳು ಹೊತ್ತಿದೆ, ಅಷ್ಟೇ.

ಇನ್ನೊಂದು ಹೋಲಿಕೆಯೂ ಉಂಟು. ವೀಣೆಯಲ್ಲಿ ಎರಡು ಸ್ಥಾಯಿಗೆ 24 ಮೆಟ್ಟಿಲು. ಅಂದರೆ ಸ್ಥಾಯಿಯೊಂದಕ್ಕೆ 12. ಗಿಟಾರಿನ ಫ್ರೆಟ್‌ಗಳೂ ಹಾಗೆಯೇ. ಯಾವುದೇ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಬಾಲ್ಯದಲ್ಲಿ ನಾಲ್ಕು ದಿನ ವೀಣೆ ಪಾಠಕ್ಕೆ ಹೋಗಿಬಂದವರಿಗೆ ಸರಳೆ ವರಸೆಯನ್ನು ಗಿಟಾರಿನಲ್ಲಿ ಹುಡುಕಿಕೊಳ್ಳಲು ಒಂದು ಸಂಜೆ ಸಾಕು. ಆದರೆ ವೀಣೆಯಂತೆ ತಂತಿಯನ್ನು ಎಳೆದು ಉದ್ದದ ಗಮಕ ಹೊರಡಿಸುವುದು ಸಾಮಾನ್ಯ ಗಿಟಾರಿನಲ್ಲಿ ಸುಲಭಸಾಧ್ಯವಲ್ಲ. ಆ ಆಸೆಯನ್ನು ಆರಂಭದಲ್ಲಿಯೇ ಬದಿಗಿಡುವುದು ಲೇಸು.

ಮೈಸೂರಿನ ವೀಣೆ ಶೇಷಣ್ಣನವರು (1852–1926) ಹುಟ್ಟಿದ ವರ್ಷದಲ್ಲಿಯೇ ಸ್ಪೇನ್‌ ದೇಶದಲ್ಲಿ ಗಿಟಾರ್‌ ವಾದಕ ಫ್ರಾನ್ಸಿಸ್ಕೊ ತಾರೆಗಾ (1852–1909) ಹುಟ್ಟಿದರು. ಇಂದು ಶಾಸ್ತ್ರೀಯ ಗಿಟಾರ್‌ ಕಲಿಯುವವರು ಬಲಗೈ ಇಡುವ ಕ್ರಮದಲ್ಲಿ ತಾರೆಗಾ ಅವರ ಪ್ರಭಾವ ಗಾಢವಾಗಿದೆ. ಅವರು ಬದುಕಿನ ಕೊನೆಯ ವರ್ಷಗಳಲ್ಲಿ ಉಗುರುಗಳನ್ನು ಕತ್ತರಿಸಿ ಬೆರಳಿನ ಮಾಂಸಲ ತುದಿಯಿಂದಲೇ ನುಡಿಸತೊಡಗಿದ್ದರು. ಉಗುರು ಬೇಕೋ ಬೇಡವೋ ಎಂಬ ಚರ್ಚೆ ಗಿಟಾರ್‌ ವಾದಕರಲ್ಲಿ ಇಂದಿಗೂ ಮುಗಿದಿಲ್ಲ. ವೈಣಿಕರಲ್ಲಿಯೂ ಉಗುರಿನಿಂದ ಮೀಟುವವರಿದ್ದಾರೆ, ಬೆರಳ ತುದಿಗೆ ಲೋಹದ ತಂತಿಯ ಸುರುಳಿ ತೊಡುವವರಿದ್ದಾರೆ. ಹೊಸಬರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಲಗೈ ಉಗುರು ಇದ್ದಷ್ಟು ಇರಲಿ. ಎಡಗೈಯದನ್ನು ಮಾತ್ರ ಒಟ್ಟ ಕತ್ತರಿಸಲೇಬೇಕು. ಇಲ್ಲದಿದ್ದರೆ ತಂತಿ ಸರಿಯಾಗಿ ಒತ್ತುವುದಿಲ್ಲ.

ಕುವೆಂಪುನಗರದಲ್ಲಿ ಗಾನಭಾರತಿ ಸಂಸ್ಥೆಯ ಸಭಾಂಗಣಕ್ಕೆ ವೀಣೆ ಶೇಷಣ್ಣನವರದೇ ಹೆಸರು. ಗಿಟಾರ್‌ ಕಲಿಯುವವರು ಅಲ್ಲಿಯೋ ನಗರದ ಬೇರೆ ವೇದಿಕೆಯಲ್ಲಿಯೋ ಒಂದು ವೀಣಾ ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ವಾದಕರ ಬಲಗೈಯನ್ನಷ್ಟೇ ಗಮನಿಸಿದರೆ ಹತ್ತು ವಿಡಿಯೊ ಪಾಠಗಳಿಗಿಂತ ಹೆಚ್ಚು ತಿಳಿದೀತು.

ಮೊದಲು ತಂತಿಯ ಎತ್ತರ ನೋಡಿ

ಸ್ಟೀಲ್‌ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ ತೂಕಕ್ಕೆ ಸಮ. ಒಬ್ಬ ವಯಸ್ಕ ವ್ಯಕ್ತಿ ಸದಾ ಜೋತುಬಿದ್ದಂತೆ! ಈ ಸೆಳೆತಕ್ಕೆ ಅಗ್ಗದ ಗಿಟಾರಿನ ಕೊರಳು ಕ್ರಮೇಣ ಬಾಗುತ್ತದೆ, ತಂತಿಗಳು ಮೇಲೇಳುತ್ತವೆ. ಹನ್ನೆರಡನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರ ಎರಡರಿಂದ ಎರಡೂವರೆ ಮಿಲಿಮೀಟರಿನಷ್ಟಿದ್ದರೆ ಬೆರಳಿಗೆ ಹಿತ. ನಾಲ್ಕು ಮಿಲಿಮೀಟರ್‌ ಇದ್ದರೆ ಪಳಗಿದ ಕೈಗೂ ನೋವು ತಪ್ಪದು. ಶಾಲೆಯ ಸ್ಕೇಲ್‌ ಇಟ್ಟು ಅಳೆದರೂ ಇದು ತಿಳಿಯುತ್ತದೆ. ಆದರೂ ಅಳೆಯುವವರು ಕಡಿಮೆ. ನೋವನ್ನು ‘ಸಾಧನೆಯ ಭಾಗ’ ಎಂದು ನುಂಗಿಕೊಂಡು ಕೊನೆಗೆ ವಾದ್ಯವನ್ನೇ ಬಿಡುವವರು ಹೆಚ್ಚು.

ಪರಿಹಾರ ಕಷ್ಟದ್ದಲ್ಲ. ಕೊರಳಿನೊಳಗೆ ಹುದುಗಿರುವ ಉಕ್ಕಿನ ಸರಳನ್ನು ತಿರುಗಿಸಿ, ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ತುಸು ಉಜ್ಜಿ ತಂತಿಗಳನ್ನು ತಗ್ಗಿಸುವ ಕೆಲಸವನ್ನು ವಾದ್ಯ ದುರಸ್ತಿ ಮಾಡುವವರು ಮಾಡಿಕೊಡುತ್ತಾರೆ. ಅದಕ್ಕೆ ಮೊದಲು ಮನೆಯಲ್ಲಿಯೇ ಮಾಡಬಹುದಾದ ಉಪಾಯಗಳೂ ಇವೆ. ತೆಳುವಾದ ತಂತಿಗಳನ್ನು ಕಟ್ಟುವುದು ಒಂದು. ಎರಡನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಅಭ್ಯಾಸ ಮಾಡುವುದು ಇನ್ನೊಂದು. ಅಲ್ಲಿ ತಂತಿ ಕೆಳಗಿರುತ್ತದೆ, ಫ್ರೆಟ್‌ಗಳೂ ಹತ್ತಿರವಾಗಿರುತ್ತವೆ.

ನೈಲಾನ್‌ ತಂತಿಯ ಶಾಸ್ತ್ರೀಯ ಗಿಟಾರ್‌ ಬೆರಳಿಗೆ ಮೃದು. ಆದರೆ ಅದರ ಕೊರಳು ಸುಮಾರು 52 ಮಿಲಿಮೀಟರ್‌ ಅಗಲ; ಸ್ಟೀಲ್‌ ಗಿಟಾರಿನದು 43ರಿಂದ 45. ತಂತಿಗಳ ನಡುವೆ ಹೆಚ್ಚು ಜಾಗವಿರುವುದರಿಂದ ಬಲಗೈಗೆ ಸಲೀಸು, ಪುಟ್ಟ ಎಡಗೈಗೆ ತ್ರಾಸ. ನೈಲಾನ್‌ ಗಿಟಾರಿಗೆ ಸ್ಟೀಲ್‌ ತಂತಿ ಕಟ್ಟುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಅಷ್ಟು ಸೆಳೆತಕ್ಕೆ ಕುದುರೆಯೇ ಕಿತ್ತು ಬಂದೀತು.

ಮರದ ವಿಷಯವೂ ಮೈಸೂರಿಗರಿಗೆ ಹತ್ತಿರದ್ದೇ. ಇಲ್ಲಿನ ಕೆತ್ತನೆ ಕಲೆಗೆ ಆಧಾರವಾದ ಬೀಟೆ ಮರ ಜಗತ್ತಿನ ಉತ್ತಮ ಗಿಟಾರ್‌ಗಳ ಬೆನ್ನು ಮತ್ತು ಪಕ್ಕಗಳಿಗೂ ಬಳಕೆಯಾಗುತ್ತದೆ. ಬ್ರೆಜಿಲ್‌ ದೇಶದ ಬೀಟೆ ದುರ್ಲಭವಾದಾಗ, 1969ರ ಹೊತ್ತಿಗೆ ಅಮೆರಿಕದ ಹೆಸರಾಂತ ತಯಾರಕರಾದ ಮಾರ್ಟಿನ್‌ ಕಂಪನಿಯವರು ಭಾರತದ ಬೀಟೆಗೆ ಹೊರಳಿದರು. 2017ರಲ್ಲಿ ಈ ಜಾತಿಯ ಮರಗಳ ವಹಿವಾಟಿಗೆ ಅಂತಾರಾಷ್ಟ್ರೀಯ ನಿರ್ಬಂಧ ಬಿಗಿಯಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹೊಸಬರು ಕೊಳ್ಳುವ ಅಗ್ಗದ ಗಿಟಾರ್‌ಗಳು ಹೆಚ್ಚಾಗಿ ಪ್ಲೈವುಡ್‌ನವೇ. ಅದರಿಂದ ಕಲಿಕೆಗೆ ಕುಂದಿಲ್ಲ. ತಂತಿಯ ಎತ್ತರ ಸರಿಯಿಲ್ಲದಿದ್ದರೆ ಬೀಟೆಯ ಗಿಟಾರೂ ನಿಷ್ಪ್ರಯೋಜಕ.

‘ತಕಧಿಮಿ’ಯೇ ಮೊದಲ ಪಾಠ

ಆರು, ಐದು ಮತ್ತು ನಾಲ್ಕನೇ ತಂತಿಗಳು ಹೆಬ್ಬೆರಳಿಗೆ. ಮೂರನೆಯದು ತೋರುಬೆರಳಿಗೆ, ಎರಡನೆಯದು ನಡುಬೆರಳಿಗೆ, ಒಂದನೆಯದು ಉಂಗುರ ಬೆರಳಿಗೆ. ದಪ್ಪ ತಂತಿಯೇ ಆರನೆಯದು ಎಂಬುದನ್ನು ನೆನಪಿಡಬೇಕು. ಕಿರುಬೆರಳಿಗೆ ಸಾಮಾನ್ಯವಾಗಿ ಕೆಲಸವಿಲ್ಲ. ಈ ಹಂಚಿಕೆ ಸಾರ್ವತ್ರಿಕ ನಿಯಮವೇನಲ್ಲ, ಆದರೆ ಮೊದಲ ಆರು ತಿಂಗಳು ಇದನ್ನು ಮೀರದಿರುವುದು ಒಳ್ಳೆಯದು.

ಮೊದಲ ವಾರ ಎಡಗೈಗೆ ರಜೆ. ಬಲಗೈ ಹೆಬ್ಬೆರಳಿನಿಂದ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು. ನಿಮಿಷಕ್ಕೆ 60 ಬಡಿತದ ವೇಗದಲ್ಲಿ ಐದು ನಿಮಿಷ. ಕೇಳಲು ಬೇಸರದ ಪಾಠ, ನಿಜ. ಬಹುತೇಕರು ಇದನ್ನು ಹಾರಿಸಿ ನೇರವಾಗಿ ಹಾಡಿಗೆ ಹೋಗುತ್ತಾರೆ, ಮುಂದೆ ಅಲ್ಲಿಯೇ ಎಡವುತ್ತಾರೆ.

ಎರಡನೆಯ ಹೆಜ್ಜೆಗೆ ‘ತಕಧಿಮಿ’ ಎಂಬ ಸೊಲ್ಲು ಸಾಕು. ‘ತ’ ಮತ್ತು ‘ಧಿ’ ಹೆಬ್ಬೆರಳಿನವು, ‘ಕ’ ಮತ್ತು ‘ಮಿ’ ಉಳಿದ ಬೆರಳುಗಳವು. ಸಿ ಮೇಜರ್‌ ಕಾರ್ಡ್‌ ಹಿಡಿದು ‘ತ’ ಎನ್ನುವಾಗ ಹೆಬ್ಬೆರಳು ಐದನೇ ತಂತಿಗೆ, ‘ಕ’ ಎನ್ನುವಾಗ ನಡುಬೆರಳು ಎರಡನೇ ತಂತಿಗೆ, ‘ಧಿ’ಗೆ ಹೆಬ್ಬೆರಳು ನಾಲ್ಕಕ್ಕೆ, ‘ಮಿ’ಗೆ ತೋರುಬೆರಳು ಮೂರಕ್ಕೆ. ಬಾಯಲ್ಲಿ ಸೊಲ್ಲು ಹೇಳುತ್ತಲೇ ನುಡಿಸಬೇಕು. ಬಾಯಿ ನಿಂತರೆ ಬೆರಳೂ ನಿಲ್ಲುವುದನ್ನು ಕಲಿಯುವವರು ತಾವೇ ಗಮನಿಸಬಹುದು.

ಅಮೆರಿಕದಲ್ಲಿ ಈ ಬಗೆಯ ಮೀಟಿಗೆ ‘ಟ್ರಾವಿಸ್‌ ಪಿಕ್ಕಿಂಗ್‌’ ಎಂದು ಹೆಸರು. ಕೆಂಟಕಿ ರಾಜ್ಯದ ಮೆರ್ಲ್‌ ಟ್ರಾವಿಸ್‌ (1917–1983) ಇದನ್ನು ಜನಪ್ರಿಯಗೊಳಿಸಿದವರು. ಅವರ ಹುಟ್ಟೂರಿನ ಹೆಸರು ರೋಸ್‌ವುಡ್‌, ಅಂದರೆ ಬೀಟೆ ಎಂಬುದು ಕಾಕತಾಳೀಯ. ಅವರು ನುಡಿಸುತ್ತಿದ್ದುದು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾತ್ರ. ದೂರದ ಹಳ್ಳಿಯಲ್ಲಿದ್ದ ಚೆಟ್‌ ಅಟ್ಕಿನ್ಸ್‌ (1924–2001) ರೇಡಿಯೊದಲ್ಲಿ ಅದನ್ನು ಕೇಳಿದರು. ಕೈ ಕಾಣುವಂತಿರಲಿಲ್ಲ. ಒಂದೇ ಬೆರಳಿನಲ್ಲಿ ಇಷ್ಟು ಸಾಧ್ಯವಿಲ್ಲವೆಂದು ಭಾವಿಸಿ ಹೆಬ್ಬೆರಳಿನ ಜೊತೆಗೆ ಹೆಚ್ಚಿನ ಬೆರಳುಗಳನ್ನು ಬಳಸುವ ತಮ್ಮದೇ ವಿಧಾನವನ್ನು ಕಂಡುಕೊಂಡರು. ಇಂದು ಎಲ್ಲರ ಕೈಗಳೂ ಮೊಬೈಲ್‌ ಪರದೆಯ ಮೇಲೆ ಕಾಣುತ್ತವೆ. ಕಿವಿಗೊಟ್ಟು ಕೇಳುವ ತಾಳ್ಮೆ ಕಡಿಮೆಯಾಗಿದೆ.

ಎಡವುವುದೆಲ್ಲಿ?

ಹೆಬ್ಬೆರಳು ಸಮವಾಗಿ ಸಾಗುತ್ತಿದ್ದಾಗ ರಾಗದ ಸ್ವರವೊಂದು ಎರಡು ಬಡಿತಗಳ ನಡುವೆ ಬಂದರೆ ಹೆಬ್ಬೆರಳು ಗಕ್ಕನೆ ನಿಲ್ಲುತ್ತದೆ, ಇಲ್ಲವೇ ಆ ಸ್ವರದ ಬೆನ್ನು ಹತ್ತುತ್ತದೆ. ಎಲ್ಲ ಹೊಸಬರಿಗೂ ಎದುರಾಗುವ ಅಡ್ಡಿ ಇದು. ದೇಹರಚನೆ ಇದಕ್ಕೆ ಕಾರಣವಲ್ಲ. ಹೆಬ್ಬೆರಳನ್ನು ಮಡಚಲು ಪ್ರತ್ಯೇಕ ಸ್ನಾಯುವಿದೆ. ಉಳಿದ ನಾಲ್ಕು ಬೆರಳುಗಳನ್ನು ಮಡಚುವ ಸ್ನಾಯುಗಳು ಹಂಚಿಕೆಯವು. ಐದು ಬೆರಳುಗಳಲ್ಲಿ ಹೆಚ್ಚು ಸ್ವತಂತ್ರವಾದುದು ಹೆಬ್ಬೆರಳೇ. ಕೊರತೆಯಿರುವುದು ಗಮನದಲ್ಲಿ. ಹೆಬ್ಬೆರಳಿನ ನಡೆ ನಡಿಗೆಯಷ್ಟೇ ಸಹಜವಾದ ಮೇಲೆ ಮಾತ್ರ ಮನಸ್ಸು ರಾಗದ ಕಡೆ ಹೊರಳಬಲ್ಲದು.

ಇದನ್ನು ಪರೀಕ್ಷಿಸಲು ಸರಳ ದಾರಿಯಿದೆ. ಹೆಬ್ಬೆರಳು ನಡೆಯುತ್ತಿರುವಾಗ ಮನೆಯವರು ‘ಊಟ ಆಯ್ತಾ?’ ಎಂದು ಕೇಳಲಿ. ಬಡಿತ ತಪ್ಪದೆ ಉತ್ತರ ಕೊಡಲು ಬಂದರೆ ಮುಂದಿನ ಪಾಠಕ್ಕೆ ಸಿದ್ಧ. ‘ಆಯ್ತು’ ಎನ್ನುವಷ್ಟರಲ್ಲಿ ಕೈ ನಿಂತರೆ ಇನ್ನೊಂದು ವಾರ ಅದೇ ಪಾಠ.

ಅಂತರಜಾಲದಲ್ಲಿ ದೊರೆಯುವ ‘ಟ್ಯಾಬ್‌’ ಎಂಬ ಲಿಪಿಯ ಬಗ್ಗೆಯೂ ಒಂದು ಮಾತು. ಆರು ಗೆರೆಗಳು ಆರು ತಂತಿಗಳು, ಮೇಲಿನ ಅಂಕಿ ಒತ್ತಬೇಕಾದ ಫ್ರೆಟ್‌. ಸ್ವರಲಿಪಿ ತಿಳಿಯದವರಿಗೆ ಇದು ವರವೇ ಸರಿ. ಆದರೆ ಎಲ್ಲಿ ಒತ್ತಬೇಕೆಂದು ಹೇಳುವ ಟ್ಯಾಬ್‌, ಎಷ್ಟು ಹೊತ್ತು ನಿಲ್ಲಬೇಕು, ಯಾವ ಬೆರಳಿನಿಂದ ಮೀಟಬೇಕು ಎಂಬುದನ್ನು ಅನೇಕ ವೇಳೆ ಹೇಳುವುದಿಲ್ಲ. ಮೊದಲು ಬಾಯಲ್ಲಿ ಗುನುಗಲು ಬರುವ ಹಾಡನ್ನೇ ಆರಿಸಿಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ. ನಿಧಾನಗತಿಯ ಭಾವಗೀತೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ವೇಗದ ಸಿನಿಮಾ ಹಾಡು ಕಾಯಬಲ್ಲದು.

ಬೆರಳ ತುದಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ದಿನಕ್ಕೆ 20 ನಿಮಿಷದ ಅಭ್ಯಾಸ ಭಾನುವಾರದ ಮೂರು ಗಂಟೆಗಿಂತ ಮೇಲು. ತುದಿಯ ಉರಿ ಸಹಜ, ಮಣಿಕಟ್ಟಿನ ನೋವು ಸಹಜವಲ್ಲ. ಅದು ಕಾಣಿಸಿಕೊಂಡ ದಿನ ವಾದ್ಯ ಕೆಳಗಿಡಬೇಕು. ಮತ್ತೆ ಮತ್ತೆ ಬಂದರೆ ಕುಳಿತುಕೊಳ್ಳುವ ಭಂಗಿ ಬದಲಾಗಬೇಕು, ಆಮೇಲೂ ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ವಯಸ್ಸು ಮೀರಿತೆಂದು ಹಿಂಜರಿಯುವವರಿಗೆ ಎಲಿಜಬೆತ್‌ ಕಾಟನ್‌ ಅವರ ಹೆಸರು ತಿಳಿದಿರಬೇಕು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಈ ಕಪ್ಪು ಜನಾಂಗದ ಹೆಣ್ಣುಮಗಳು ಎಡಚರು. ಬಲಗೈಯವರ ಗಿಟಾರನ್ನು ತಿರುಗಾಮುರುಗಾ ಹಿಡಿದು ತಾವಾಗಿಯೇ ಕಲಿತರು. ಹಾಗಾಗಿ ಅವರ ಕೈಯಲ್ಲಿ ಬೆರಳುಗಳು ಲಯ ಹಿಡಿದರೆ ಹೆಬ್ಬೆರಳು ರಾಗ ನುಡಿಸುತ್ತಿತ್ತು! ಸಂಸಾರ, ದುಡಿಮೆಗಳ ನಡುವೆ ಗಿಟಾರ್‌ ದಶಕಗಳ ಕಾಲ ದೂರವಾಯಿತು. ಸಂಗೀತಗಾರರಾದ ಸೀಗರ್‌ ಕುಟುಂಬದ ಮನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಗಿಟಾರನ್ನು ಕೈಗೆತ್ತಿಕೊಂಡರು. ಅರವತ್ತು ದಾಟಿದ ಮೇಲೆ, 1958ರಲ್ಲಿ, ಮೊದಲ ಧ್ವನಿಮುದ್ರಿಕೆ ಹೊರಬಂತು. ತೊಂಬತ್ತರ ಆಸುಪಾಸಿನಲ್ಲಿ, 1985ರ ಸಮಾರಂಭದಲ್ಲಿ, ಗ್ರ್ಯಾಮಿ ಪ್ರಶಸ್ತಿ ಸಂದಿತು.

ಮೊಳೆಗೆ ತೂಗುಬಿದ್ದ ಗಿಟಾರನ್ನು ಮತ್ತೆ ಇಳಿಸುವವರು ಮೊದಲು ಮಾಡಬೇಕಾದುದು ತಂತಿಗಳ ಬದಲಾವಣೆ. ತುಕ್ಕು ಹಿಡಿದ ತಂತಿ ಶ್ರುತಿಗೆ ನಿಲ್ಲದು, ಬೆರಳನ್ನೂ ಕೊಯ್ಯುತ್ತದೆ. ಒಂದೊಂದನ್ನೇ ಬಿಚ್ಚಿ ಹೊಸದನ್ನು ಕಟ್ಟಿ, ಬಿರಡೆಯನ್ನು ನಿಧಾನವಾಗಿ ಬಿಗಿಯಬೇಕು. ಹೊಸ ತಂತಿ ಮೊದಲ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ. ಆ ದಿನಗಳಲ್ಲಿ ಪ್ರತಿ ಸಲ ಕೈಗೆತ್ತಿಕೊಂಡಾಗಲೂ ಶ್ರುತಿ ಮಾಡಿಕೊಂಡೇ ಆರಂಭಿಸಬೇಕು.