ನಿಮಗಿದು ಗೊತ್ತೇ? ಝಡ್ ಡ್ರೈವ್ ಎಲ್ಲಿಗೂ ಹೋಗಿಲ್ಲ!

ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತರೆ ಕಚೇರಿಯವರೆಲ್ಲ ಹಂಚಿಕೊಳ್ಳುವ ಝಡ್ ಡ್ರೈವಿನ ಮೇಲೆ ಕೆಂಪು ಇಂಟು ಗುರುತು. ವರ್ಷವಿಡೀ ಬರೆದ ಲೆಕ್ಕಪತ್ರವೆಲ್ಲ ಹೋಯಿತೇನೋ ಎಂದು ಎದೆ ಧಸಕ್ ಎನ್ನುತ್ತದೆ. ಆದರೆ ಆ ಗುರುತಿಗೆ ಎಷ್ಟೋ ಸಲ ಇರುವ ಅರ್ಥ ಇಷ್ಟೇ: ನೀವು 15 ನಿಮಿಷದಿಂದ ಆ ಡ್ರೈವನ್ನು ಮುಟ್ಟಿಲ್ಲ. ಸುಮ್ಮನಿರುವ ಸಂಪರ್ಕವನ್ನು ವಿಂಡೋಸ್ ಸರ್ವರ್ ತಾನಾಗಿ ಕಡಿದುಹಾಕಲು ಮೊದಲಿನಿಂದಲೂ ಇಟ್ಟುಕೊಂಡಿರುವ ಗಡುವು ಅದು. ಎರಡು ಸಲ ಕ್ಲಿಕ್ ಮಾಡಿ ನೋಡಿ, ಗುರುತು ತಾನೇ ಅಳಿಸಿಹೋಗುತ್ತದೆ. ಝಡ್ ಎಂಬುದು ನಿಮ್ಮ ಕಂಪ್ಯೂಟರಿನಲ್ಲಿ ತೂಗುಹಾಕಿದ ಹೆಸರಿನ ಹಲಗೆ ಮಾತ್ರ. ಮನೆ ಇರುವುದು ಇನ್ನೊಂದು ಯಂತ್ರದೊಳಗೆ. ಹಲಗೆ ಬಿದ್ದರೆ ಮನೆ ಬೀಳುವುದಿಲ್ಲ.

ಹಲಗೆಗೆ ಝಡ್ ಎಂದೇ ಏಕೆ ಹೆಸರು? ಎ, ಬಿ ಎರಡೂ ಫ್ಲಾಪಿಗಳ ಕಾಲದಲ್ಲೇ ಮೀಸಲಾಗಿದ್ದವು. ಸಿ ಹಾರ್ಡ್ ಡಿಸ್ಕಿನದು. ಪೆನ್‌ಡ್ರೈವ್‌ಗಳು ಡಿ, ಇ, ಎಫ್ ಎಂದು ಮುಂದಕ್ಕೆ ಸಾಲು ಹಿಡಿಯುತ್ತವೆ. ಅವಕ್ಕೆ ಅಡ್ಡಬರದಿರಲೆಂದು ನೆಟ್‌ವರ್ಕ್ ಡ್ರೈವುಗಳಿಗೆ ವಿಂಡೋಸ್ ಕೊನೆಯ ಅಕ್ಷರದಿಂದ ಹಿಂದಕ್ಕೆ ಹೆಸರು ಸೂಚಿಸುತ್ತದೆ.

ಬೆಳಗ್ಗೆ ಲ್ಯಾಪ್‌ಟಾಪ್ ತೆರೆದೊಡನೆ ‘ಎಲ್ಲ ನೆಟ್‌ವರ್ಕ್ ಡ್ರೈವುಗಳನ್ನು ಮರುಜೋಡಿಸಲು ಆಗಲಿಲ್ಲ’ ಎಂಬ ಸಂದೇಶ ಬರುತ್ತದೆಯೇ? ಅದು ಓಟದ ಸ್ಪರ್ಧೆಯ ಫಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಯಂತ್ರ ಬೇಗ ತೆರೆದುಕೊಳ್ಳಲೆಂದು ನೆಟ್‌ವರ್ಕ್ ಸಿಗುವವರೆಗೆ ಕಾಯುವುದನ್ನು ಬಿಟ್ಟುಬಿಟ್ಟಿದೆ. ತಂತಿ ಸಿಕ್ಕಿಸಿದ್ದರೆ ತೊಂದರೆ ಕಡಿಮೆ. ವೈಫೈ ಮಾತ್ರ ಸುತ್ತಲಿನ ಸಿಗ್ನಲ್ ಹುಡುಕಬೇಕು, ಪಾಸ್‌ವರ್ಡ್ ಒಪ್ಪಿಸಬೇಕು, ವಿಳಾಸ ಪಡೆಯಬೇಕು. ಅಷ್ಟರಲ್ಲಿ ಡ್ರೈವುಗಳನ್ನು ಹುಡುಕಿ ಸೋತ ವಿಂಡೋಸ್ ಕೈಚೆಲ್ಲಿರುತ್ತದೆ. ಒಂದು ನಿಮಿಷ ಬಿಟ್ಟು ಡ್ರೈವನ್ನು ತೆರೆದರೆ ಸಾಕು. ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ಡೊಮೇನ್ ಇರುವ ಕಚೇರಿಗಳಲ್ಲಿ, ಯಂತ್ರ ಏಳುವಾಗ ನೆಟ್‌ವರ್ಕಿಗಾಗಿ ಕಾಯಲೇಬೇಕು ಎಂಬ ನಿಯಮವನ್ನು ಸಿಸ್ಟಂನವರು ಗ್ರೂಪ್ ಪಾಲಿಸಿಯಲ್ಲಿ ಹಾಕಿಡಬಹುದು.

ವೈಫೈ ಗೆರೆಗಳು ತುಂಬಿವೆ, ಡ್ರೈವ್ ಮಾತ್ರ ಬರುತ್ತಿಲ್ಲ. ಆಗ ನಿಮ್ಮ ಯಂತ್ರದ ಐಪಿ ವಿಳಾಸ ನೋಡಿ. ಅದು 169.254 ಎಂದು ಶುರುವಾಗಿದ್ದರೆ, ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ. ಕೇಳಿ ಕೇಳಿ ಸಾಕಾದ ಕಂಪ್ಯೂಟರ್ ತಾನೇ ಒಂದನ್ನು ಬರೆದುಕೊಂಡಿದೆ. ಗೆರೆಗಳು ಹೇಳುವುದು ಗಾಳಿಯಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಎಂಬುದನ್ನು ಮಾತ್ರ.

ಇಂಟರ್ನೆಟ್ ಓಡುತ್ತದೆ, ಪಕ್ಕದ ಕೋಣೆಯ ಸರ್ವರ್ ಸಿಗುವುದಿಲ್ಲ. ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು, ‘ಯಾವ ವೈಫೈಗೆ ಸೇರಿಕೊಂಡಿದ್ದೀರಿ?’ ಎಂದು. ಅತಿಥಿಗಳಿಗೆಂದು ಇಟ್ಟಿರುವ ಗೆಸ್ಟ್ ವೈಫೈ ಅತಿಥಿಯನ್ನು ಹಜಾರದಿಂದ ನೇರ ಬೀದಿಗೆ ದಾಟಿಸುತ್ತದೆ, ಒಳಮನೆಗೆ ಬಿಡುವುದಿಲ್ಲ. ಅದಕ್ಕೆ ಕೊಟ್ಟ ಕೆಲಸವೇ ಅದು. ಫೋನಿಗೆಂದು ಒಮ್ಮೆ ಪಡೆದ ಗೆಸ್ಟ್ ಪಾಸ್‌ವರ್ಡನ್ನು ಲ್ಯಾಪ್‌ಟಾಪಿಗೂ ಹಾಕಿಕೊಂಡವರು ಮೂರು ದಿನ ಸರ್ವರನ್ನೇ ಬೈದುಕೊಂಡಿರುತ್ತಾರೆ, ಪಾಪ. ಇದರಂತೆಯೇ ಇನ್ನೊಂದು: ಹೊಸ ವೈಫೈಗೆ ಸೇರುವಾಗ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿಬಿಟ್ಟರೆ ವಿಂಡೋಸ್ ಇದು ಬಸ್‌ಸ್ಟ್ಯಾಂಡಿನ ವೈಫೈ ಎಂದೇ ತಿಳಿದು, ನೀವು ಹಂಚಿಟ್ಟ ಫೋಲ್ಡರುಗಳ ಬಾಗಿಲು ಮುಚ್ಚುತ್ತದೆ. ಸರ್ವರಿನಂತೆ ಬಳಸುವ ಕಂಪ್ಯೂಟರಿನಲ್ಲೇ ಹೀಗಾದರೆ ಇಡೀ ಕಚೇರಿಗೆ ಡ್ರೈವ್ ಇಲ್ಲ.

ಸಿಗ್ನಲ್ ಸಾಲದೆಂದು ಒಳಕೋಣೆಗೆ ಇನ್ನೊಂದು ರೂಟರ್ ತಂದಿಟ್ಟಿರಾ? ಹಾಗಾದರೆ ಕಚೇರಿ ಎರಡು ಬೀದಿಗಳಾಗಿ ಒಡೆದಿರಬಹುದು. ಹೊರಗಿನವರದು 192.168.1, ಒಳಗಿನವರದು 192.168.0. ಹೊರಬೀದಿಯವರು ಕೂಗಿದರೆ ಒಳಬೀದಿಯ ಸರ್ವರಿಗೆ ಕೇಳಿಸುವುದಿಲ್ಲ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸಿದರೆ ಬೀದಿ ಮತ್ತೆ ಒಂದಾಗುತ್ತದೆ. ಹೊಸ ಯಂತ್ರ ಕೊಳ್ಳಬೇಕಿಲ್ಲ, ಒಂದು ಸೆಟ್ಟಿಂಗ್ ಬದಲಾದರೆ ಸಾಕು.

ಮನೆಯಿಂದ ವಿಪಿಎನ್ ಮೂಲಕ ಕೆಲಸ ಮಾಡುವವರಿಗೆ ಇದರ ಉಲ್ಟಾ ಕಷ್ಟ. 192.168ರ ಸರಣಿಯನ್ನು ಖಾಸಗಿ ನೆಟ್‌ವರ್ಕುಗಳಿಗೆಂದು ಮೀಸಲಿಟ್ಟ ದಾಖಲೆ 1996ರದು. ಅಂದಿನಿಂದ ಮನೆಯ ರೂಟರೂ ಕಚೇರಿಯ ರೂಟರೂ ಅದನ್ನೇ ಬಳಸುತ್ತಿವೆ. ಎರಡೂ ಕಡೆ 192.168.1 ಇದ್ದರೆ, ಕಚೇರಿಯ ಸರ್ವರನ್ನು ಕರೆದ ಲ್ಯಾಪ್‌ಟಾಪ್ ಅದನ್ನು ನಿಮ್ಮ ಮನೆಯೊಳಗೇ ಹುಡುಕಿ, ಸಿಗಲಿಲ್ಲ ಎಂದುಬಿಡಬಹುದು.

‘ನೆಟ್‌ವರ್ಕ್’ ಎಂಬ ಚಿತ್ರ ಒತ್ತಿದರೆ ಯಾವ ಕಂಪ್ಯೂಟರೂ ಕಾಣುವುದಿಲ್ಲ, ಆದ್ದರಿಂದ ಸರ್ವರ್ ಸತ್ತಿದೆ ಎಂದುಕೊಳ್ಳಬೇಡಿ. ಮೇಲಿನ ಪಟ್ಟಿಯಲ್ಲಿ ಎರಡು ಹಿಂಗೆರೆ ಹಾಕಿ ವಿಳಾಸವನ್ನೇ ಬರೆಯಿರಿ, \\192.168.1.10 ಎಂಬಂತೆ. ತೆರೆದುಕೊಂಡರೆ ಸರ್ವರಿಗೆ ಏನೂ ಆಗಿಲ್ಲ, ಹೆಸರು ಹುಡುಕುವ ವ್ಯವಸ್ಥೆ ಮಾತ್ರ ಕೆಟ್ಟಿದೆ.

‘ನೆಟ್‌ವರ್ಕ್’ನಲ್ಲಿ ಕಂಪ್ಯೂಟರುಗಳ ಪಟ್ಟಿ ಖಾಲಿಯಾದುದರ ಹಿಂದೆ ಒಂದು ದೊಡ್ಡ ಕಥೆಯಿದೆ. ಕಡತ ಹಂಚಿಕೆಯ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದ ಮೊದಲರ್ಧದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ್ದು. ನಂಬಿಕಸ್ಥರೇ ತುಂಬಿದ್ದ ಪುಟ್ಟ ನೆಟ್‌ವರ್ಕುಗಳ ಕಾಲದ ಭಾಷೆ ಅದು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಈ ಭಾಷೆಯ ಮೊದಲ ಆವೃತ್ತಿಯನ್ನು ವಿಂಡೋಸ್ ನಡೆಸುತ್ತಿದ್ದ ರೀತಿಯಲ್ಲಿದ್ದ ಬಿರುಕಿನ ಮೂಲಕ ದೇಶದಿಂದ ದೇಶಕ್ಕೆ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದಕ್ಕೂ ಎರಡು ತಿಂಗಳು ಮೊದಲೇ ಕೊಟ್ಟಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುವ ವಿಷಯ. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ಗಳಲ್ಲಿ ಆ ಮೊದಲ ಆವೃತ್ತಿ ತಾನಾಗಿ ಬರುವುದು ನಿಂತಿತು. ಅದರ ಜೊತೆಗೆ ಕಂಪ್ಯೂಟರುಗಳನ್ನು ಪಟ್ಟಿ ಮಾಡುವ ಹಳೆಯ ಏರ್ಪಾಡೂ ಹೋಯಿತು. ಕಡತಗಳನ್ನು ಹಂಚುವ ಹಳೆಯ ಸ್ಟೋರೇಜ್ ಪೆಟ್ಟಿಗೆಯೊಂದು ಕಾಣಿಸಲೆಂದು ಆ ಆವೃತ್ತಿಯನ್ನು ಮತ್ತೆ ಆನ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಪೆಟ್ಟಿಗೆಯ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ, ಆಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿ.

ವಿಂಡೋಸ್ 11ರ 2024ರ ದೊಡ್ಡ ಅಪ್‌ಡೇಟ್ ಆದಮೇಲೆ, ನಿನ್ನೆಯವರೆಗೆ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದ ಸ್ಟೋರೇಜ್ ಪೆಟ್ಟಿಗೆಯ ಫೋಲ್ಡರ್ ಮೊಂಡು ಹಿಡಿಯಿತೇ? ಪ್ರೊ ಆವೃತ್ತಿಯಲ್ಲಿ ಹೆಸರಿಲ್ಲದ ಅತಿಥಿ ಪ್ರವೇಶವನ್ನು ಈಗ ನಿಲ್ಲಿಸಿದ್ದಾರೆ. ಪೆಟ್ಟಿಗೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿಕೊಡಿ. ಅರ್ಧ ಗಂಟೆಯ ಕೆಲಸ.

ಕಚೇರಿಗಳಲ್ಲಿರುವ ಅಂಥ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೊಳಗೇ ಲಿನಕ್ಸ್ ನಡೆಸುತ್ತವೆ. ಲಿನಕ್ಸಿಗೆ ವಿಂಡೋಸಿನ ಈ ಭಾಷೆ ಕಲಿಸಿದ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಯಾಗಿದ್ದ ಆ್ಯಂಡ್ರ್ಯೂ ಟ್ರಿಜೆಲ್ ಇದನ್ನು ಬರೆಯತೊಡಗಿದ್ದು 1991ರ ಕೊನೆಯಲ್ಲಿ. ಯಂತ್ರಗಳು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ತಂತಿಯ ಮೇಲೆ ಕದ್ದು ಕೇಳಿ ಕೇಳಿಯೇ ಅವರು ಆ ಭಾಷೆ ಕಲಿತರು. ಪರಭಾಷೆಯ ಊರಿಗೆ ಹೋದವರು ಹೋಟೆಲಿನಲ್ಲಿ ಕುಳಿತು ಅಕ್ಕಪಕ್ಕದವರ ಮಾತು ಕೇಳುತ್ತಲೇ ನುಡಿ ಕಲಿಯುವುದಿಲ್ಲವೇ, ಹಾಗೆ. ಹೆಸರು ಬಂದದ್ದು ಇನ್ನೂ ಚೆನ್ನಾಗಿದೆ: ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿದಾಗ ಸಾಂಬಾ ಸಿಕ್ಕಿತು.

ವೈಫೈಗೂ ಆಸ್ಟ್ರೇಲಿಯಾದ ನಂಟಿದೆ. ಆಸ್ಟ್ರೇಲಿಯಾದ ಎಂಜಿನಿಯರ್ ಜಾನ್ ಒ’ಸಲಿವನ್ 1970ರ ದಶಕದಲ್ಲಿ ಪುಟ್ಟ ಕಪ್ಪುಕುಳಿಗಳು ಸ್ಫೋಟಿಸಿದರೆ ಹೊಮ್ಮಬಹುದಾದ ರೇಡಿಯೊ ಅಲೆಗಳನ್ನು ಹುಡುಕಿದರು. ಅವು ಸಿಗಲಿಲ್ಲ. ಕಲಸಿಹೋದ ಅಲೆಗಳನ್ನು ಬಿಡಿಸುವ ಗಣಿತ ಮಾತ್ರ ಕೈಗೆ ಬಂದಿತ್ತು. ಗೋಡೆಗೂ ಕಬ್ಬಿಣದ ಬೀರುವಿಗೂ ಬಡಿದು ಮರಳಿ ಗೋಜಲಾಗುವ ವೈಫೈ ಸಿಗ್ನಲನ್ನು ಬಿಡಿಸಲು ಅದು ನೆರವಾಯಿತು. ಅವರ ತಂಡದ ತಂತ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1996ರಲ್ಲಿ.

ವೈಫೈ 300 ಎಂದು ತೋರಿಸುತ್ತದೆ, ಫೈಲ್ ಮಾತ್ರ ಆಮೆಯಂತೆ ತೆವಳುತ್ತದೆ, ಏಕೆ? ಮೊದಲನೆಯದಾಗಿ ಆ 300 ಎಂಬುದು ಸೆಕೆಂಡಿಗೆ ಮೆಗಾಬಿಟ್‌ಗಳ ಲೆಕ್ಕ. ಫೈಲಿನ ಗಾತ್ರ ಬೈಟ್‌ಗಳದು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 37.5 ಎಂಬಿ, ಅದೂ ಕಾಗದದ ಮೇಲೆ. ಗಾಳಿಯಲ್ಲಿ ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಹಾಗಾಗಿ ಕೈಗೆ ಸಿಗುವುದು ಅದರ ಅರ್ಧವಾದರೆ ಹೆಚ್ಚು. ಇನ್ನು ಬಹಳ ಜನ ಗಮನಿಸದ ಒಂದು ಸಂಗತಿ. ಫೋಲ್ಡರ್ ಹಂಚಿರುವ ಕಂಪ್ಯೂಟರೂ ವೈಫೈನಲ್ಲೇ ಇದ್ದರೆ ಪ್ರತಿಯೊಂದು ಬೈಟೂ ಗಾಳಿಯಲ್ಲಿ ಎರಡು ಸಲ ಹಾರುತ್ತದೆ: ಅಲ್ಲಿಂದ ರೂಟರಿಗೆ, ರೂಟರಿನಿಂದ ನಿಮಗೆ. ಆ ಒಂದು ಯಂತ್ರಕ್ಕೆ ತಂತಿ ಎಳೆದುಬಿಟ್ಟರೆ ಇಡೀ ಕಚೇರಿಯ ಡ್ರೈವ್ ಹಗುರಾಗುತ್ತದೆ. ನಾನು ಕೊಡಬಲ್ಲ ಸಲಹೆಗಳಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಫಲದ ಸಲಹೆ ಇನ್ನೊಂದಿಲ್ಲ. ಹಲವರು ಒಟ್ಟಿಗೆ ಬರೆಯುವ ಲೆಕ್ಕಪತ್ರದ ದತ್ತಾಂಶ ಆ ಯಂತ್ರದಲ್ಲಿದ್ದರಂತೂ ತಂತಿ ಬೇಕೇ ಬೇಕು. ಬರೆಯುವ ನಡುವೆ ಸಿಗ್ನಲ್ ತಪ್ಪಿದರೆ ಕೆಡುವುದು ದತ್ತಾಂಶವೇ.

ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ ತೊಂದರೆಯೇ? ಡಬ್ಬಿ ಬಿಸಿ ಮಾಡುವ ಮೈಕ್ರೋವೇವ್ ಒಲೆ ರೂಟರಿನ ಹತ್ತಿರ ಇದೆಯೇ ನೋಡಿ. ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಹಳೆಯ ವೈಫೈ 2.4ರ ಪಟ್ಟಿಯಲ್ಲಿ. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದರೆ ಈ ಜಗಳ ಇರುವುದಿಲ್ಲ.

ಪರದೆಯಲ್ಲಿ ಬರುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. 53 ಎಂದರೆ ಸರ್ವರಿನ ದಾರಿಯೇ ಸಿಕ್ಕಿಲ್ಲ, ವೈಫೈ, ವಿಳಾಸ, ಹೆಸರು ನೋಡಿ. 5 ಎಂದರೆ ಬಾಗಿಲವರೆಗೂ ತಲುಪಿದ್ದೀರಿ, ಒಳಬರಲು ಅನುಮತಿಯಿಲ್ಲ; ಎಷ್ಟು ಸಲ ರೂಟರ್ ಆಫ್ ಮಾಡಿ ಆನ್ ಮಾಡಿದರೂ ಇದು ಸರಿಹೋಗದು. 1219 ಬಂದರೆ ಒಂದೇ ಸರ್ವರಿಗೆ ನೀವು ಎರಡು ಬೇರೆ ಬೇರೆ ಬಳಕೆದಾರ ಹೆಸರುಗಳಿಂದ ಹೋಗಲು ಹೊರಟಿದ್ದೀರಿ, ಹಳೆಯ ಸಂಪರ್ಕ ಕಡಿದು ಮತ್ತೆ ಸೇರಿ. 71 ಬಂದರೆ ಜಾಗ ಭರ್ತಿ! ಸಾಮಾನ್ಯ ವಿಂಡೋಸ್ 10 ಅಥವಾ 11 ಕಂಪ್ಯೂಟರನ್ನೇ ಸರ್ವರಿನಂತೆ ಬಳಸುವಾಗ ಒಮ್ಮೆಗೆ 20 ಸಂಪರ್ಕಗಳಿಗಿಂತ ಹೆಚ್ಚು ಬಿಡುವುದಿಲ್ಲ. ಕಚೇರಿಗೆ ಇಪ್ಪತ್ತೊಂದನೆಯವರಾಗಿ ಸೇರಿದ ಹೊಸಬರು ತಮ್ಮ ಲ್ಯಾಪ್‌ಟಾಪೇ ಕೆಟ್ಟಿದೆ ಎಂದು ಸಂಕೋಚಪಡುವುದನ್ನು ಕಂಡಿದ್ದೇನೆ.

ಗಡಿಯಾರ ತಪ್ಪಿದರೂ ಡ್ರೈವ್ ಹೋಗುತ್ತದೆ. ಡೊಮೇನ್ ಇರುವ ಕಚೇರಿಗಳಲ್ಲಿ ಗುರುತು ಪರಿಶೀಲಿಸುವ ವ್ಯವಸ್ಥೆಗೆ ಕರ್ಬರಸ್ ಎಂದು ಹೆಸರು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯದೇ ಹೆಸರು ಅದು. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಪ್ರವೇಶಕ್ಕೆಂದು ತಾನು ಕೊಡುವ ಚೀಟಿಯನ್ನು ಕದ್ದು ಆಮೇಲೆ ಯಾರೂ ಬಳಸದಿರಲೆಂದು ಅದು ವೇಳೆ ನೋಡುತ್ತದೆ. ನಿಮ್ಮ ಯಂತ್ರಕ್ಕೂ ಸರ್ವರಿಗೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಒಪ್ಪುವುದಿಲ್ಲ. ಬಹುಕಾಲ ಮೂಲೆಯಲ್ಲಿದ್ದ ಕಂಪ್ಯೂಟರಿನ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ, ಯಾರೂ ಆ ಮೂಲೆಯ ಗಡಿಯಾರ ನೋಡಿರುವುದಿಲ್ಲ.

ಪಾಸ್‌ವರ್ಡ್ ಬದಲಿಸಿದ ಮರುದಿನ ಖಾತೆ ಪದೇಪದೇ ಲಾಕ್ ಆಗುತ್ತಿದ್ದರೆ, ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ಇನ್ನೂ ಹಳೆಯದನ್ನೇ ಸರ್ವರಿಗೆ ಒಪ್ಪಿಸುತ್ತಿರಬಹುದು. ಅಲ್ಲಿರುವ ಹಳೆಯ ನಮೂದನ್ನು ಅಳಿಸಿ.

ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರೋಗ್ರಾಮಿನಲ್ಲಿ ಝಡ್ ಡ್ರೈವ್ ಕಾಣದಿದ್ದರೆ ಗಾಬರಿ ಬೇಡ. ವಿಂಡೋಸ್ ವಿಸ್ಟಾದಿಂದೀಚೆಗೆ ಅಡ್ಮಿನ್ ಹಕ್ಕಿರುವ ಒಬ್ಬರೇ ವ್ಯಕ್ತಿಯನ್ನು ಯಂತ್ರ ಇಬ್ಬರೆಂದು ಎಣಿಸುತ್ತದೆ, ಹಲಗೆ ತೂಗುಹಾಕಿದ್ದು ಮತ್ತೊಬ್ಬರ ಬಾಗಿಲಿಗೆ.

ಇನ್ನೊಂದು ತೊಂದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೇ ವಿಶೇಷವಾದದ್ದು. ಲಿನಕ್ಸ್ ಪೆಟ್ಟಿಗೆಗಳಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೆ ಮೂರು ಬೇಕು. ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಪೆಟ್ಟಿಗೆಗೆ 18 ಬೈಟ್. ಹೀಗೆ 85 ಸಂಕೇತ ದಾಟಿದ ಉದ್ದ ಹೆಸರಿನ ಕನ್ನಡ ಕಡತ ಲ್ಯಾಪ್‌ಟಾಪಿನಲ್ಲಿ ಸುಖವಾಗಿದ್ದು, ಹಂಚಿಕೆ ಡ್ರೈವಿಗೆ ನಕಲಿಸುವಾಗ ಮುಷ್ಕರ ಹೂಡುತ್ತದೆ. ಕನ್ನಡ ಬಿಟ್ಟು ಇಂಗ್ಲಿಷ್ ಹೆಸರಿಡಿ ಎಂದು ನಾನು ಎಂದೂ ಹೇಳುವುದಿಲ್ಲ. ‘ಸಾಮಾನ್ಯ ಸಭೆಯ ನಡಾವಳಿಗಳ ದೃಢೀಕೃತ ಪ್ರತಿ’ ಎಂಬುದನ್ನು ‘ಸಭೆ ನಡಾವಳಿ’ ಎಂದು ಚುಟುಕಾಗಿ ಇಟ್ಟುಕೊಳ್ಳಿ. ತಾರೀಖಿಗೆ ಓರೆಗೆರೆ ಬೇಡ, ವಿಂಡೋಸ್ ಅದನ್ನು ಹೆಸರಿನಲ್ಲಿ ಬಿಡುವುದಿಲ್ಲ, ಅಡ್ಡಗೆರೆ ಹಾಕಿ.

ಇಲ್ಲಿಯವರೆಗಿನ ಬಹುತೇಕ ಪ್ರಸಂಗಗಳಲ್ಲಿ ಮರೆಯಾದದ್ದು ದಾರಿ, ಫೈಲ್ ಇದ್ದಲ್ಲೇ ಇತ್ತು. ಫೈಲ್ ನಿಜವಾಗಿ ಹೋಗುವ ಸಂದರ್ಭ ಇನ್ನೊಂದಿದೆ. ನೆಟ್‌ವರ್ಕ್ ಡ್ರೈವಿನಲ್ಲಿ ಅಳಿಸಿದ ಕಡತ ನಿಮ್ಮ ಯಂತ್ರದ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ನೇರ ಅಳಿದುಹೋಗುತ್ತದೆ. ಸರ್ವರಿನಲ್ಲಿ ಹಿಂದಿನ ಆವೃತ್ತಿಗಳನ್ನು ಉಳಿಸುವ ಏರ್ಪಾಡಿದ್ದರೆ, ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಬಹುದು. ಕೆಲವು ಸ್ಟೋರೇಜ್ ಪೆಟ್ಟಿಗೆಗಳಿಗೆ ತಮ್ಮದೇ ಕಸದ ಬುಟ್ಟಿಯೂ ಇರುತ್ತದೆ. ನಿಮ್ಮ ಕಚೇರಿಯಲ್ಲಿ ಇವು ಆನ್ ಆಗಿವೆಯೇ ಎಂದು ಸಿಸ್ಟಂನವರನ್ನು ಇವತ್ತೇ ಕೇಳಿ. ಅಳಿಸಿದ ಮೇಲೆ ಆನ್ ಮಾಡಿದರೆ ಆ ಫೈಲ್ ಅದರಲ್ಲಿ ಸಿಗುವುದಿಲ್ಲ.