ಸ್ಪ್ಯಾನಿಷ್ ಮನೆಮಾತು, ಇಂಗ್ಲಿಷ್ ಪಾಠ

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: “ಸ್ಪ್ಯಾನಿಷ್‌ಗೂ ಇಂಗ್ಲಿಷ್‌ಗೂ ಲಿಪಿ ಒಂದೇ. ಸಾವಿರಾರು ಪದಗಳ ಮೂಲವೂ ಒಂದೇ. ಆದರೂ ನಮ್ಮ ಕಂಪನಿಗೆ ಬರುವ ಮೆಕ್ಸಿಕೊದವರು ಇಂಗ್ಲಿಷ್ ಮಾತಾಡುವಾಗ ನಮ್ಮ ಹಾಗೇ ತಡವರಿಸುತ್ತಾರಲ್ಲ, ಯಾಕೆ?” ಬಹಳ ಒಳ್ಳೆಯ ಪ್ರಶ್ನೆ. ಎರಡನೆಯ ಭಾಷೆಯನ್ನು ಮನಸ್ಸು ಹೇಗೆ ಕಲಿಯುತ್ತದೆ ಎಂಬ ಬಗ್ಗೆ ಭಾಷಾವಿಜ್ಞಾನಿಗಳು ದಶಕಗಳ ಕಾಲ ವಾದ ಮಾಡಿದ್ದಾರೆ. ಆ ವಾದದ ದೊಡ್ಡ ಪಾಲು ನಡೆದದ್ದು ಇಂಗ್ಲಿಷ್ ಕಲಿಯಲು ಹೊರಟ ಸ್ಪ್ಯಾನಿಷ್ ಮಾತುಗಾರರನ್ನು ಮುಂದಿಟ್ಟುಕೊಂಡೇ.

ಕಥೆ ಶುರುವಾಗುವುದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಲ್ಯಾಟಿನ್ ಅಮೆರಿಕದಿಂದ ಬರುವ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಲು 1941ರಲ್ಲಿ ಅಲ್ಲೊಂದು ಸಂಸ್ಥೆ ಹುಟ್ಟಿಕೊಂಡಿತು. ಅದರ ಹಿಂದಿದ್ದವರು ಚಾರ್ಲ್ಸ್ ಫ್ರೀಸ್, ಅವರ ಜೊತೆ ಸೇರಿದವರು ರಾಬರ್ಟ್ ಲಾಡೊ. ಲಾಡೊ ಅವರ ಬದುಕೇ ಈ ವಿಷಯಕ್ಕೆ ಹೇಳಿಮಾಡಿಸಿದಂತಿತ್ತು. ಫ್ಲೋರಿಡಾದಲ್ಲಿ ಸ್ಪೇನ್ ಮೂಲದ ತಂದೆತಾಯಿಗೆ 1915ರಲ್ಲಿ ಹುಟ್ಟಿದ ಅವರು ಬೆಳೆದದ್ದು ಸ್ಪೇನಿನಲ್ಲಿ. ಇಪ್ಪತ್ತೊಂದರ ಹರೆಯದಲ್ಲಿ ಅಮೆರಿಕಕ್ಕೆ ಮರಳಿ, ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿತರು. 1957ರಲ್ಲಿ ಬಂದ ಅವರ ಪುಸ್ತಕದ ವಾದ ಸರಳ: ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಹೋಲಿಕೆ ಇದೆಯೋ ಅಲ್ಲಿ ಕಲಿಕೆ ಸುಲಭ, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಕಷ್ಟ.

ಉಚ್ಚಾರದ ಮಟ್ಟಿಗೆ ಈ ಮಾತು ಇವತ್ತಿಗೂ ಸಾಕಷ್ಟು ನಿಲ್ಲುತ್ತದೆ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ. ಅವುಗಳಲ್ಲಿ ನಮ್ಮ ಹಾಗೆ ಹ್ರಸ್ವ–ದೀರ್ಘದ ಭೇದವಿಲ್ಲ. ಹಾಗಾಗಿ ‘ಶಿಪ್’ ಮತ್ತು ‘ಶೀಪ್’ ಅವರ ಕಿವಿಗೆ ಒಂದೇ ಆಗಿಬಿಡುತ್ತವೆ. ಇಂಗ್ಲಿಷ್‌ನ ಈ ಎರಡು ಸ್ವರಗಳ ನಡುವೆ ಇರುವುದು ಬರೀ ಉದ್ದದ ಅಂತರವಲ್ಲ, ನಿಜ. ಆದರೂ ‘ಇ’ ಮತ್ತು ‘ಈ’ ಬೇರೆ ಎಂದು ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದ ನಮಗೆ ಅಲ್ಲೊಂದು ಹಿಡಿ ಸಿಗುತ್ತದೆ. ಇನ್ನೊಂದು ಕಡೆ ಅವರೂ ನಾವೂ ಅಣ್ಣತಮ್ಮಂದಿರು. ಪದದ ಮೊದಲಿಗೇ ‘ಸ್’ ಜೊತೆ ಒತ್ತಕ್ಷರ ಬಂದರೆ ಸ್ಪ್ಯಾನಿಷ್ ನಾಲಗೆ ಅದಕ್ಕೆ ಮುಂಚೆ ಒಂದು ‘ಎ’ ಸೇರಿಸುತ್ತದೆ. ಶಾಲೆಗೆ ಅವರು ಹೇಳುವುದೇ ‘ಎಸ್ಕ್ವೆಲಾ’. ಇಂಗ್ಲಿಷ್ ಮಾತಾಡುವಾಗ ಅದು ‘ಎಸ್ಕೂಲ್’ ಆಗುತ್ತದೆ. ನಮ್ಮ ಹಳ್ಳಿಯ ‘ಇಸ್ಕೂಲು’ ಮಾಡುವುದೂ ಇದನ್ನೇ.

ವ್ಯಾಕರಣದಲ್ಲೂ ಲಾಡೊ ಹೇಳಿದಂಥ ಉದಾಹರಣೆಗಳಿಗೆ ಬರವಿಲ್ಲ. ನಮ್ಮ ‘ಬಂದೆ’ಯೊಳಗೇ ‘ನಾನು’ ಇರುವಂತೆ ಸ್ಪ್ಯಾನಿಷ್ ಕ್ರಿಯಾಪದದ ಕೊನೆಯಲ್ಲೇ ಕರ್ತೃ ಅಡಗಿರುತ್ತದೆ. ಆದ್ದರಿಂದ ಕಲಿಯುವವರು ‘ಇಟ್’ ಬಿಟ್ಟು ‘ಈಸ್ ರೇನಿಂಗ್’ ಎಂದುಬಿಡುತ್ತಾರೆ. ಸ್ಪ್ಯಾನಿಷ್‌ನಲ್ಲಿ ವಯಸ್ಸು ಎಂದರೆ ನಮ್ಮ ಬಳಿ ‘ಇರುವ’ ವಸ್ತು, ಹಾಗಾಗಿ ‘ಐ ಹ್ಯಾವ್ ಟ್ವೆಂಟಿ ಇಯರ್ಸ್’.

ಪದಸಂಪತ್ತಿಗೆ ಬಂದಾಗ ಮಾತ್ರ ಲಾಡೊ ಲೆಕ್ಕ ಜಟಿಲವಾಗುತ್ತದೆ. ಇಲ್ಲಿ ನಮ್ಮ ಸಂಗೀತವನ್ನು ನೆನೆಯೋಣ. ಮೈಸೂರಿನಲ್ಲಿ ಮೋಹನ ರಾಗ ಕಲಿತವರು ಧಾರವಾಡಕ್ಕೆ ಬಂದು ಹಿಂದೂಸ್ತಾನಿಯ ಭೂಪ್ ರಾಗ ಹಾಡಲು ಕೂತರು ಅನ್ನಿ. ಸರಿಗಪದ, ಅವೇ ಐದು ಸ್ವರಗಳು. ಹೊಸದಾಗಿ ಕಲಿಯಬೇಕಾದ ಒಂದು ಸ್ವರವೂ ಇಲ್ಲ. ಏನೂ ಹಾಡದವರಿಗಿಂತ ಅವರು ಎಷ್ಟೋ ಮುಂದಿದ್ದಾರೆ. ಆದರೆ ಗಾಂಧಾರ ಹಿಡಿದ ಕೂಡಲೇ ವರ್ಷಗಟ್ಟಲೆ ಸಾಧನೆ ಮಾಡಿದ ಕರ್ನಾಟಕ ಗಮಕ ತಾನಾಗಿ ಬಂದು ಕೂರುತ್ತದೆ. ಅಲ್ಲಿ ಬೇಕಿದ್ದುದು ನಿಧಾನವಾಗಿ ಜಾರುವ ಮೀಂಡ್. ಸ್ವರ ಬೇರೆಯಾಗಿದ್ದರೆ ಎಚ್ಚರ ಇರುತ್ತಿತ್ತು, ಒಂದೇ ಆಗಿರುವುದರಿಂದ ಎಚ್ಚರ ತಪ್ಪುತ್ತದೆ. ಬುನಾದಿಯೂ ಅದೇ, ಎಡವುಗಲ್ಲೂ ಅದೇ.

ಸ್ಪ್ಯಾನಿಷ್–ಇಂಗ್ಲಿಷ್ ಪದಗಳ ಕಥೆಯೂ ಹೀಗೆಯೇ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳೂ, ಅದರಾಚೆಗೆ ಲ್ಯಾಟಿನ್ ಪದಗಳೂ ಇಂಗ್ಲಿಷ್‌ಗೆ ಹರಿದು ಬಂದವು. ಅವು ಆಡಳಿತ, ಕಾನೂನು, ಪಾಂಡಿತ್ಯದ ಪದಗಳಾದವು. ಲ್ಯಾಟಿನ್‌ನ ಮಗಳೇ ಆದ ಸ್ಪ್ಯಾನಿಷ್‌ನಲ್ಲಿ ಅವು ಅಡುಗೆಮನೆಯ ಪದಗಳಾಗಿಯೇ ಉಳಿದವು. ಇದರ ಫಲ ನೋಡಿ. ‘ಕಾಂಪ್ರಹೆಂಡ್’, ‘ಎಡಿಫಿಸ್’ನಂಥ ಪದಗಳು ನಮ್ಮ ಪಿಯುಸಿ ವಿದ್ಯಾರ್ಥಿಗೂ ತಲೆನೋವು. ಬೊಗೊಟಾದ ಹುಡುಗಿಗೆ ಅವು ‘ಕೊಂಪ್ರೆಂದೆರ್’, ‘ಎದಿಫಿಸಿಯೊ’, ಅಂದರೆ ದಿನಬಳಕೆಯ ಮಾತು. ಅವಳನ್ನು ಕಾಡುವುದು ‘ಪುಟ್ ಅಪ್ ವಿತ್’, ‘ಗೆಟ್ ಬೈ’ನಂಥ ಚಿಕ್ಕಚಿಕ್ಕ ಪದಗಳ ಗುಂಪು. ಇಂಗ್ಲಿಷರ ಮಗು ಮೊದಲು ಕಲಿಯುವಂಥ ಮಾತು ಅವಳಿಗೆ ಕೊನೆಗೆ ಬರುತ್ತದೆ.

ಹೋಲಿಕೆ ಇದೆ ಎಂದ ಮಾತ್ರಕ್ಕೆ ಅದು ಕಣ್ಣಿಗೆ ಬೀಳುತ್ತದೆ ಎಂದೂ ಅಲ್ಲ. ಅಮೆರಿಕದ ಶಾಲೆಗಳ ಸ್ಪ್ಯಾನಿಷ್ ಮನೆಮಾತಿನ ಮಕ್ಕಳ ಇಂಗ್ಲಿಷ್ ಓದನ್ನು ವಿಲಿಯಂ ನೇಗಿ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದರು. ತಮಗೆ ಚೆನ್ನಾಗಿ ಗೊತ್ತಿದ್ದ ಸ್ಪ್ಯಾನಿಷ್ ಪದದ ನಂಟ ಇಂಗ್ಲಿಷ್ ಪುಟದಲ್ಲಿ ಎದುರಾದಾಗ ಮಕ್ಕಳು ಎಷ್ಟೋ ಸಲ ಗುರುತೇ ಹಿಡಿಯಲಿಲ್ಲ. ಇನ್ನು ಹೋಲಿಕೆ ಮೋಸ ಮಾಡುವುದೂ ಉಂಟು. ಸ್ಪೇನಿನವರು ‘ಕೊನ್ಸ್ತಿಪಾದೊ’ ಎಂದರೆ ಅವರಿಗೆ ಆಗಿರುವುದು ನೆಗಡಿ. ಇಂಗ್ಲಿಷ್ ಬಲ್ಲ ಡಾಕ್ಟರು ಮಲಬದ್ಧತೆಗೆ ಔಷಧಿ ಬರೆಯಬಹುದು.

ಲಾಡೊ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟವರು ಹೈಡಿ ಡುಲೇ ಮತ್ತು ಮರೀನಾ ಬರ್ಟ್. ಮಕ್ಕಳಿಗೆ ಚಿತ್ರ ತೋರಿಸಿ, ಪ್ರಶ್ನೆ ಕೇಳಿ, ಅವರಾಡಿದ ಇಂಗ್ಲಿಷ್ ಮಾತನ್ನು ಇವರು ವಿಶ್ಲೇಷಿಸಿದರು. 1974ರ ಅವರ ವರದಿಯ ಪ್ರಕಾರ ಸ್ಪ್ಯಾನಿಷ್ ಮಕ್ಕಳ ತಪ್ಪುಗಳಲ್ಲಿ ಮನೆಮಾತಿನಿಂದ ಬಂದವು ನೂರಕ್ಕೆ ಐದಕ್ಕಿಂತ ಕಡಿಮೆ. ಅದೇ ವರ್ಷ 60 ಸ್ಪ್ಯಾನಿಷ್ ಮಕ್ಕಳನ್ನೂ 55 ಚೀನೀ ಮಕ್ಕಳನ್ನೂ ಹೋಲಿಸಿ ನೋಡಿದಾಗ ಇಬ್ಬರೂ ವ್ಯಾಕರಣದ ಅಂಶಗಳನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕಲಿತಂತೆ ಕಂಡಿತು. ‘ಷೀ ವರ್ಕ್ಸ್’ನ ಕೊನೆಯ ‘ಸ್’ ಎರಡೂ ಗುಂಪಿಗೆ ತಡ. ಸ್ಪ್ಯಾನಿಷ್ ಕ್ರಿಯಾಪದದಲ್ಲಿ ಪುರುಷಕ್ಕೊಂದು ಪ್ರತ್ಯಯ ಇರುವಾಗ ಈ ಒಂದೇ ಒಂದು ‘ಸ್’ ಅವರಿಗೆ ನೀರು ಕುಡಿದಷ್ಟು ಸುಲಭವಾಗಬೇಕಿತ್ತಲ್ಲ! ಹುಟ್ಟಿನಿಂದ ಇಂಗ್ಲಿಷ್ ಆಡುವ ಮಕ್ಕಳಿಗೂ ಅದು ತಡವಾಗಿಯೇ ಬರುತ್ತದೆ ಎಂದು ಹಾರ್ವರ್ಡ್‌ನ ರಾಜರ್ ಬ್ರೌನ್ ತೋರಿಸಿದ್ದರು. ಹಾಗಾದರೆ ಮನೆಮಾತಿನದು ದೊಡ್ಡ ಪಾತ್ರವಲ್ಲ, ಎಲ್ಲ ಮನಸ್ಸುಗಳೂ ಇಂಗ್ಲಿಷನ್ನು ಒಂದೇ ದಾರಿಯಲ್ಲಿ ಕಟ್ಟಿಕೊಳ್ಳುತ್ತವೆ ಎಂಬ ಉತ್ಸಾಹ ಹಬ್ಬಿತು.

ಈ ಎರಡು ವಾದಗಳ ನಡುವೆ ನನಗೆ ಬಹಳ ಮುಖ್ಯವಾಗಿ ಕಾಣುವುದು ಅಲ್ಬೆರ್ತೊ ಎಂಬ ಹೆಸರಿನಲ್ಲಿ ದಾಖಲಾದ 33 ವರ್ಷದ ಕೋಸ್ಟರಿಕಾದ ಕಾರ್ಮಿಕನ ಪ್ರಕರಣ. 1973ರಲ್ಲಿ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಅವನ ಮಾತನ್ನು ಜಾನ್ ಶೂಮನ್ ಮತ್ತು ಸಂಗಡಿಗರು ಹತ್ತು ತಿಂಗಳು ಕೇಳಿಸಿಕೊಂಡರು. ‘ಐ ನೋ ಅಂಡರ್‌ಸ್ಟ್ಯಾಂಡ್’ ಎಂಬಂಥ ರಚನೆಯನ್ನು ಅವನು ಬಿಡಲೇ ಇಲ್ಲ. ಇಂಗ್ಲಿಷ್ ಮಗುವೂ ಮೊದಲು ‘ನೋ’ ಹೀಗೇ ಬಳಸುತ್ತದೆ, ಆಮೇಲೆ ದಾಟಿ ಹೋಗುತ್ತದೆ. ಆದರೆ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಮುಂದೆ ‘ನೋ’ ಇಡುವುದೇ ಸರಿಯಾದ ವ್ಯಾಕರಣ. ಎಲ್ಲರೂ ಹಾದುಹೋಗುವ ತಂಗುದಾಣವೂ ಮನೆಮಾತಿನ ರಚನೆಯೂ ಒಂದೇ ಆದಾಗ ಕಲಿಯುವವನು ಅಲ್ಲೇ ಉಳಿದುಬಿಡುತ್ತಾನೆ. ಶೂಮನ್ ಏಳು ತಿಂಗಳು ನಿಷೇಧರೂಪದ ಪಾಠವನ್ನೇ ಹೇಳಿಕೊಟ್ಟರು. ಅಭ್ಯಾಸದ ಉತ್ತರಗಳು ಸುಧಾರಿಸಿದವು, ಸಹಜ ಮಾತು ಬದಲಾಗಲಿಲ್ಲ. ಅಲ್ಬೆರ್ತೊಗೆ ಬುದ್ಧಿಯ ಕೊರತೆ ಇರಲಿಲ್ಲ. ಕಾರ್ಖಾನೆಯ ದುಡಿಮೆ ಮತ್ತು ತನ್ನವರ ಒಡನಾಟದ ಬದುಕಿನಲ್ಲಿ ಇಂಗ್ಲಿಷ್ ಮಾತುಗಾರರೊಡನೆ ಅವನಿಗೆ ಸಂಪರ್ಕ ತೀರ ಕಡಿಮೆ ಎಂದು ಶೂಮನ್ ಕಾರಣ ಕೊಟ್ಟರು. ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಸಾರುವ ಆ್ಯಪ್‌ಗಳು, ಕೋಚಿಂಗ್ ಬೋರ್ಡುಗಳನ್ನು ಕಂಡಾಗಲೆಲ್ಲ ನಾನು ನೆನೆಯುವುದು ಈ ಪ್ರಕರಣವನ್ನೇ.

ಒಂದೇ ದಾರಿ ಎಂಬ ಉತ್ಸಾಹವೂ ಬಹಳ ಕಾಲ ಉಳಿಯಲಿಲ್ಲ. ಈ ಬಗೆಯ ಅಧ್ಯಯನಗಳನ್ನು ಲುಕ್ ಮತ್ತು ಶಿರಾಯ್ 2009ರಲ್ಲಿ ಒಟ್ಟುಮಾಡಿ ನೋಡಿದರು. ಆ ‘ಸಹಜ ಕ್ರಮ’ಕ್ಕೆ ಚೆನ್ನಾಗಿ ಹೊಂದುತ್ತಿದ್ದವರು ಸ್ಪ್ಯಾನಿಷರು. ಜಪಾನಿ, ಕೊರಿಯನ್, ಚೀನೀ ಮಾತುಗಾರರಿಗೆ ‘ಎ’, ‘ದಿ’ ಮತ್ತು ಬಹುವಚನ ತಡವಾಗಿ ಬಂದಿದ್ದವು, ‘ಮೇರೀಸ್ ಹೌಸ್’ನ ಷಷ್ಠಿ ಬೇಗ ಬಂದಿತ್ತು. ಅವರ ಭಾಷೆಗಳಲ್ಲಿ ಒಡೆಯನ ಹೆಸರು ಮೊದಲು, ಮನೆ ಆಮೇಲೆ. ಸ್ಪ್ಯಾನಿಷ್‌ನಲ್ಲಿ ಮನೆ ಮೊದಲು.

‘ದಿ’ಯ ವಿಷಯದಲ್ಲಿ ಮನೆಮಾತಿನ ಈ ಪಾತ್ರವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ಟಾನಿಯಾ ಇಯೋನಿನ್ ಮತ್ತು ಸಂಗಡಿಗರ 2008ರ ಅಧ್ಯಯನ. ಅಂಥ ಪದಗಳೇ ಇಲ್ಲದ ರಷ್ಯನ್ ಮನೆಮಾತಿನವರು ‘ಎ’ ಮತ್ತು ‘ದಿ’ ನಡುವೆ ತೂಗಾಡಿದರೆ, ಸ್ಪ್ಯಾನಿಷರು ತಮ್ಮಲ್ಲಿದ್ದ ಅರ್ಥಭೇದವನ್ನೇ ಇಂಗ್ಲಿಷ್‌ಗೆ ಒಯ್ದು ಹೆಚ್ಚು ಸರಿಯಾಗಿ ಬಳಸಿದರು. ಈ ಲೆಕ್ಕದಲ್ಲಿ ಕನ್ನಡ ನಿಲ್ಲುವುದು ರಷ್ಯನ್ ಪಕ್ಕದಲ್ಲಿ. ಷಷ್ಠಿಯಲ್ಲಾದರೆ ಜಪಾನಿ, ಕೊರಿಯನ್ ಮಾತುಗಾರರ ಹಾಗೆ ಒಡೆಯನನ್ನು ಮೊದಲಿಟ್ಟು ‘ರಾಮನ ಮನೆ’ ಎನ್ನುವ ನಮ್ಮ ಮಕ್ಕಳಿಗೆ ‘ರಾಮಾಸ್ ಹೌಸ್’ ಕಲಿಸಲು ಅರ್ಧ ಗಂಟೆ ಸಾಕು. ಉಳಿದ ತರಗತಿಗಳನ್ನು ‘ಎ’ ಮತ್ತು ‘ದಿ’ಗೆ ಕೊಡಬಹುದು.