ಗೇರ್ ಬಾಕ್ಸ್ ಇಳಿಸಿದ ಮೇಲೆ

ಆಕ್ಸಿಲರೇಟರ್ ತುಳಿದರೆ ಎಂಜಿನ್ ಅರಚುತ್ತದೆ, ಕಾರು ಮಾತ್ರ ಮುಂದೆ ಹೋಗದು. ಶಿರಾಡಿ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ಹತ್ತುವಾಗ ಹೀಗಾಗಿ, ಸುಟ್ಟ ವಾಸನೆಯೂ ಬಂತೆಂದರೆ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ‘ಕ್ಲಚ್ ಹೋಗಿದೆ’ ಎನ್ನುತ್ತಾರೆ. ಸಾಮಾನ್ಯವಾಗಿ ಆ ಮಾತು ಸರಿಯೇ. ಆದರೆ ಯಾಕೆ ಹೋಯಿತು? ಅದನ್ನು ಹುಡುಕುವ ಮೆಕ್ಯಾನಿಕ್ಕೇ ನಿಜವಾದ ಕಸುಬುದಾರ.

1983ರಲ್ಲಿ ರಸ್ತೆಗಿಳಿದು 2014ರವರೆಗೂ ತಯಾರಾದ ಮಾರುತಿ 800 ಕಾರನ್ನೇ ನೋಡಿ. 796 ಸಿಸಿಯ ಪುಟ್ಟ ಎಂಜಿನ್ ಅಡ್ಡಲಾಗಿ ಕೂತಿದೆ, ಪಕ್ಕದಲ್ಲೇ ಗೇರ್ ಬಾಕ್ಸ್. ಕ್ಲಚ್ ಕೈಗೆ ಸಿಗಬೇಕಾದರೆ ಬ್ಯಾಟರಿ ವೈರ್ ಕಳಚಿ, ಗೇರ್ ಆಯಿಲ್ ಇಳಿಸಿ, ಕ್ಲಚ್ ಕೇಬಲ್, ಸ್ಟಾರ್ಟರ್, ಆಕ್ಸಲ್‌ಗಳನ್ನು ಬಿಡಿಸಿ, ಎಂಜಿನ್ನಿಗೆ ಜಾಕ್ ಆಸರೆ ಕೊಟ್ಟ ಮೇಲೆ ಗೇರ್ ಬಾಕ್ಸನ್ನು ನೇರವಾಗಿ ಪಕ್ಕಕ್ಕೆಳೆಯಬೇಕು. ಅದರ ಭಾರ ಶಾಫ್ಟಿನ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನೂ ಒಂದೊಂದಾಗಿ ಪೂರ್ತಿ ಬಿಚ್ಚುವಂತಿಲ್ಲ; ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಳಗಿನ ದೂಳಿಗೆ ಏರ್ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಆದರೆ ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದೇ ಕ್ಷೇಮ.

ಇನ್ನು ನೋಡುವ ಕೆಲಸ. ಲೈನಿಂಗ್ ರಿವೆಟ್ ತಲೆಗಿಂತ 0.5 ಮಿ.ಮೀ.ನಷ್ಟಾದರೂ ಮೇಲಿಲ್ಲದಿದ್ದರೆ ಪ್ಲೇಟಿನ ಆಯುಷ್ಯ ಮುಗಿದಂತೆ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದು ವಿಪರೀತ ಕಾದಿದೆ. ಬಹಳ ಸಲ ಹಾಫ್ ಕ್ಲಚ್‌ನಲ್ಲೇ ಓಡಿಸಿದ್ದರ ಗುರುತು. ಪ್ಲೇಟಿಗೆ ಎಣ್ಣೆ ಹತ್ತಿದ್ದರೆ ಮೂಸಿ ನೋಡಬೇಕು. ಗಂಧಕದಂಥ ಘಾಟು ಬಂದರೆ ಗೇರ್ ಬಾಕ್ಸಿನ ಸೀಲ್ ಸೋರುತ್ತಿದೆ, ಇಲ್ಲದಿದ್ದರೆ ಅನುಮಾನ ಎಂಜಿನ್ನಿನ ಹಿಂದಿನ ಸೀಲಿನ ಮೇಲೆ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ನೆನೆದು ಹಾಳಾಗುತ್ತದೆ. ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಅದನ್ನೂ ತೆಗೆದುಬಿಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬೇರಿಂಗಿಗೆ ಕೊಡುವ ದುಡ್ಡು, ಗೇರ್ ಬಾಕ್ಸನ್ನು ಮತ್ತೊಮ್ಮೆ ಇಳಿಸುವ ಕೂಲಿಯ ಮುಂದೆ ಏನೇನೂ ಅಲ್ಲ.

ಕೂರಿಸುವಾಗ ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್ ಬಾಕ್ಸಿನ ಕಡೆಗಿರಬೇಕು. ಪ್ಲೇಟ್ ನಟ್ಟನಡುವೆ ನಿಲ್ಲಲು ಅನುಭವಿಗಳು ಹಳೆಯ ಗೇರ್ ಬಾಕ್ಸಿನ ಶಾಫ್ಟನ್ನೇ ತೂರಿಸಿ ಹಿಡಿಯುತ್ತಾರೆ. ಕೂದಲೆಳೆಯಷ್ಟು ಆಚೀಚೆಯಾದರೂ ಗೇರ್ ಬಾಕ್ಸ್ ಒಳಗೆ ಹೋಗದು. ಆಗ ಬೋಲ್ಟ್ ಬಿಗಿದು ಎಳೆದುಕೊಳ್ಳುವುದು ತೀರಾ ತಪ್ಪು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದದ್ದು ಲೈನಿಂಗಿಗೆ ಸಿಡಿಯುತ್ತದೆ.

ಕೊನೆಗೆ ಕೇಬಲ್ ಹೊಂದಿಸಿ, ಪೆಡಲಿಗೆ ಒಂದಿಷ್ಟು ಸಡಿಲ ಬಿಡಬೇಕು. ಸಡಿಲವೇ ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತುತ್ತಿದ್ದು ಹೊಸ ಪ್ಲೇಟೂ ಜಾರತೊಡಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟರೆ ಎಂಜಿನ್ ಆಫ್ ಆಗಬೇಕು. ಈ ಪರೀಕ್ಷೆ ಒಮ್ಮೆ ಮಾಡಿದರೆ ಸಾಕು. ಪದೇಪದೇ ಮಾಡಿದರೆ ಹೊಸ ಲೈನಿಂಗೇ ಕಾದು ಸುಡುತ್ತದೆ.